ಖಾಲಿ ಹಲ್ಲು

ಅರ್ಶಿಯಾ ವರ್ಷವಿಡೀ ದುಡಿದು ಕಚ್ಚಾ ತೈಲದ ಅತಿ ಭಾರದ ಭಾಗವನ್ನು ಬೇರ್ಪಡಿಸಿದ್ದಳು. ಸಣ್ಣ ಶೀಶೆಯಲ್ಲಿ ಕರಿ ಪುಡಿ, ಹೆಸರು ಆಸ್ಫಾಲ್ಟೀನ್. ಪೈಪುಗಳಲ್ಲಿ ಕಟ್ಟಿಕೊಂಡು ತೈಲದ ದಾರಿ ಮುಚ್ಚುವುದು ಇದೇ. ಇದರ ಅಣುಗಳು ಹೇಗೆ ಗುಂಪುಗೂಡುತ್ತವೆಂದು ನೋಡಲು ಮುಂಬೈಯ ರಿಯಾಕ್ಟರಿನಲ್ಲಿ ನ್ಯೂಟ್ರಾನ್ ಕಿರಣ ಹಾಯಿಸಬೇಕಿತ್ತು. ಸೋಮವಾರ ಅವಳ ಸರದಿ. ತಪ್ಪಿದರೆ ಪಿಎಚ್‌ಡಿಯೂ ತಪ್ಪಿದಂತೆ.

ಹೋಗುವ ದಾರಿಯಲ್ಲಿ ಈದಿಗೆಂದು ಬೀದರಿಗೆ, ಮೈಲೂರಿನ ಮನೆಗೆ ಬಂದಳು. ಕಪಾಟಿನಲ್ಲಿಟ್ಟ ಶೀಶೆಯನ್ನು ನಾನಿ ಖುರ್ಷಿದ ಬೇಗಂ ಮಿಸ್ಸಿ ಅಂದುಕೊಂಡಳು. ಮದುವೆಯಾದ ಹೊಸತರಲ್ಲಿ ಹಲ್ಲು ಕಪ್ಪಗಾಗಲೆಂದು ತಿಕ್ಕಿಕೊಳ್ಳುತ್ತಿದ್ದ ಪುಡಿ ಅದು. ಈಗ ಯಾವ ಅಂಗಡಿಯಲ್ಲೂ ಇಲ್ಲ. ಮೊಮ್ಮಗಳು ನೆನಪಿಟ್ಟು ತಂದಳಲ್ಲ ಎಂದು ಕಣ್ಣು ತುಂಬಿಕೊಂಡು, ಇದ್ದ ಹಲ್ಲಿಗೆಲ್ಲ ಧಾರಾಳವಾಗಿ ಹಚ್ಚಿಕೊಂಡಳು. ಶೀಶೆಯ ತಳದಲ್ಲಿ ಎರಡು ಮೂರು ಚಿಟಿಕೆ ಉಳಿಯಿತು. ಕಿರಣಕ್ಕೆ ಅದು ಸಾಲದು.

ಉಪ್ಪಿಗೂ ಬೇವಿನ ಕಡ್ಡಿಗೂ ಕಪ್ಪು ಜಗ್ಗಲಿಲ್ಲ. ಟಾಲ್ವೀನ್ ಎಂಬ ದ್ರಾವಕದಲ್ಲಿ ಕರಗುತ್ತದೆ, ಆದರೆ ಆ ವಿಷವನ್ನು ನಾನಿಯ ಬಾಯಿಗೆ ಹಾಕುವುದು ಹೇಗೆ?

ಮುಂಬೈಯಲ್ಲಿ ಕಿರಣದ ಉಸ್ತುವಾರಿ ಬೆಂಜಮಿನನದು. ಭಾಲ್ಕಿಯವನು, ಯಾವುದಕ್ಕೂ ಗಾಬರಿಯಾಗದವನು. ಅವನಿಗೆ ಫೋನ್ ಮಾಡಿದಳು.

"ಸ್ಯಾಂಪಲ್ ನಮ್ಮ ನಾನಿ ಹಲ್ಲಿನ ಮ್ಯಾಲ ಅದರಿ."

"ನಡೀತದ್ರಿ. ಅವ್ರನ್ನ ಕರ್ಕೊಂಡು ಬರ್ರಿ, ಅಲ್ಲಾಡಬಾರದು ಅಷ್ಟ. ಮತ್ತ ಪುಡಿ ಹತ್ತದ ಖಾಲಿ ಹಲ್ಲು ಒಂದು ಬೇಕ್ರಿ. ಬರೇ ಹಲ್ಲಿಂದು ಅಳದು ಕಳದ್ರ ಪುಡಿದು ಉಳೀತದ."

ನಾನಿಯ ಬಾಯಲ್ಲಿ ಖಾಲಿ ಹಲ್ಲು ಒಂದೂ ಇರಲಿಲ್ಲ. ಒಂದನ್ನಾದರೂ ಕೆರೆಯೋಣವೆಂದರೆ, ಕರಿ ಸಾಲಿನಲ್ಲಿ ಒಂದೇ ಬಿಳಿ ಇದ್ದರೆ ಮೈಲೂರಿನ ಮಂದಿ ನಗುತ್ತಾರೆಂದು ನಾನಿ ಬಾಯಿ ಮುಚ್ಚಿಕೊಂಡಳು. ಕೊನೆಗೆ ತಾನೇ ದಾರಿ ಹೇಳಿದಳು: ಔರಾದಿನಲ್ಲಿ ತಂಗಿ ಫಕ್ರುನ್ನಿಸಾ ಇದ್ದಾಳೆ, ಒಂದೇ ತಾಯಿಯ ಮಕ್ಕಳು, ಹಲ್ಲೂ ಒಂದೇ ನಮೂನೆ. ಬೆಂಜಮಿನ ಒಪ್ಪಿದ.

ಬೀದರ ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗಿನಿಂದ ಫಕ್ರುನ್ನಿಸಾ ಮುಖ ಊದಿಸಿಕೊಂಡಿದ್ದಳು. ಚಿಕ್ಕಂದಿನಿಂದಲೂ ಹೀಗೇ, ಅಕ್ಕನಿಗೆ ಸಿಂಗಾರ, ತನಗೆ ಬರೀ ಜೊತೆಗೆ ಹೋಗುವ ಕೆಲಸ. ಅರ್ಶಿಯಾ ಕೈ ತೊಳೆದು ಬರುವಷ್ಟರಲ್ಲಿ ನಾನಿಗೆ ಕರುಣೆ ಬಂದಿತ್ತು, ಅವಳು ಎಲೆಯಡಿಕೆಯ ಪಾನದಾನದೊಳಗೆ ಬಚ್ಚಿಟ್ಟು ತಂದಿದ್ದ ಶೀಶೆಯೂ ಹೊರಗೆ ಬಂದಿತ್ತು. ಭಾಲ್ಕಿ ಬರುವಾಗ ಇಬ್ಬರೂ ಕಪ್ಪಗೆ ನಗುತ್ತಿದ್ದರು.

ಅರ್ಶಿಯಾ ಮತ್ತೆ ಫೋನ್ ಹಚ್ಚಿದಳು. ಈಗ ಇಬ್ಬರೂ ಸ್ಯಾಂಪಲ್ ಆಗಿದ್ದಾರೆ ಎಂದಳು.

"ಆಗಲಿ ಬಿಡ್ರಿ," ಎಂದ ಬೆಂಜಮಿನ. "ನಿಮ್ಮ ಹಲ್ಲು ಅದಾವಲ್ಲ. ಅವನ್ನ ಮಾತ್ರ ಸಂಭಾಳಿಸಿ ತರ್ರಿ."

ಎದುರು ಸೀಟಿನಲ್ಲಿ ನಾನಿ ಶೀಶೆಯನ್ನು ಅಂಗೈಗೆ ಬೋರಲು ಹಾಕಿ ತಟ್ಟುತ್ತಿದ್ದಳು. ಕಡೆಯ ಚಿಟಿಕೆ ಉದುರಿತು. ಮನೆಯ ಹುಡುಗಿಯೊಬ್ಬಳನ್ನೇ ಬಿಡುವುದು ಚೆಂದವಲ್ಲ ಎಂದು ಫಕ್ರುನ್ನಿಸಾ ಅಂದಳು. ನಾನಿ ಬೆರಳು ಅದ್ದಿ ಮುಂದೆ ಬಾಗಿದಳು.

"ಆ ಮಾಡು, ಬೇಟಿ."

ಫೋನಿನಲ್ಲಿ ಬೆಂಜಮಿನ, ಸ್ಟೇಷನ್ನಿಗೆ ಕರೆದೊಯ್ಯಲು ಬರುತ್ತೇನೆ, ಯಾವ ಡಬ್ಬಿ, ಯಾವ ಸೀಟು ಎಂದು ಕೇಳುತ್ತಲೇ ಇದ್ದ. ಅರ್ಶಿಯಾ ತುಟಿ ಬಿಗಿಹಿಡಿದು ಕೂತಳು. ಮುಂಬೈ ಇನ್ನೂ ಬಹಳ ದೂರವಿತ್ತು.