ಚಿನ್ನದ ಹಲ್ಲಿನ ಅತ್ತೆ

ಟೀವಿ ಇನ್ನೂ ಎಲ್ಲರ ಮನೆ ಹೊಕ್ಕಿರದ ಕಾಲ. ಮಾದಿಹಳ್ಳಿಯ ಡೈರಿಯಲ್ಲಿ ಬೆಳಿಗ್ಗೆ ಹಾಲು ಹಾಕಲು ನಿಂತ ಹೆಂಗಸರಿಗೆ ಜಾನಕಮ್ಮನ ಮಾತಿಲ್ಲದಿದ್ದರೆ ಹೊತ್ತೇ ಹೋಗುತ್ತಿರಲಿಲ್ಲ. ಅದು ಕಥೆಯೆಂದು ಯಾರಿಗೆ ಗೊತ್ತು? "ನಮ್ಮ ದೊಡ್ಡಮ್ಮನ ಊರಲ್ಲಿ ನಡೆದದ್ದು ಕಣ್ರೇ" ಎಂದೇ ಶುರು ಮಾಡುತ್ತಿದ್ದಳು ಘಾಟಿ ಹೆಂಗಸು! ಇಲ್ಲದವಳೊಬ್ಬಳಿಗೆ ಹೆಸರಿಟ್ಟು, ಸೀರೆ ಉಡಿಸಿ, ಮಾತು ಕಲಿಸಿ, ಕೇಳುವವರ ಕಣ್ಣಲ್ಲಿ ನೀರು ತರಿಸುವಾಗ ಅವಳ ಮೈ ಜುಮ್ಮೆನ್ನುತ್ತಿತ್ತು.

ಈ ಸಲದವಳು ಸಣ್ಣಿ, ಬಡಪಾಯಿ ಸೊಸೆ. ಅತ್ತೆ ರಾಕ್ಷಸಿ, ನಕ್ಕರೆ ಚಿನ್ನದ ಹಲ್ಲು ಮಿಂಚುವುದು. ನಿನ್ನೆ ಆ ಅತ್ತೆ ಸಣ್ಣಿಯನ್ನು ಬಾವಿಗೆ ತಳ್ಳಿದಳು. ಅಷ್ಟರಲ್ಲಿ ಹಾಲಿನ ವ್ಯಾನು ಬಂದು ಕಥೆ ಅಲ್ಲಿಗೇ ನಿಂತಿತು.

ಇವತ್ತು ಪಕ್ಕದ ಮನೆ ಲಕ್ಕಮ್ಮನ ಮಗಳು, ಡೈರಿಯಲ್ಲಿ ದಿನಾ ಕಥೆ ಕೇಳುತ್ತಿದ್ದ ಭಾಗ್ಯಳನ್ನು ನೋಡಲು ಗೆಂಡೆಹಳ್ಳಿಯಿಂದ ಗಂಡಿನವರು ಬಂದಿದ್ದರು. ಜಾನಕಮ್ಮ ನೆರವಾಗಲು ಹೋಗಿದ್ದಳು. ಕಾಫಿ ತಟ್ಟೆ ಹಿಡಿದು ಬಾಗಿಲವರೆಗೆ ಹೋದ ಭಾಗ್ಯ ಹುಡುಗನ ತಾಯಿಯನ್ನು ನೋಡಿದ್ದೇ ತಡ, ಮುಖ ಸುಣ್ಣವಾಗಿ ಅಡುಗೆಮನೆಗೆ ವಾಪಸ್ಸಾಗಿ ತಟ್ಟೆ ಕೆಳಗಿಟ್ಟಳು.

"ಅವಳೇ ಕಣಮ್ಮ! ಚಿನ್ನದ ಹಲ್ಲು! ಸಣ್ಣಿನ ಬಾವಿಗೆ ತಳ್ಳಿದೋಳು! ನಾನು ಹೋಗಾಕಿಲ್ಲ."

ಲಕ್ಕಮ್ಮ ತಲೆ ಮೇಲೆ ಕೈಹೊತ್ತಳು. "ಜಾನಕಕ್ಕ, ನೀವಾದ್ರೂ ಹೇಳಿ. ಇಂಥ ಒಳ್ಳೆ ಜನ ಮತ್ತೆ ಸಿಗಾಕಿಲ್ಲ."

ಜಾನಕಮ್ಮ ಹೊರಗೆ ಇಣುಕಿದಳು. ಹಿಂದಿನ ತಿಂಗಳು ಹಗರೆ ಬಸ್ಸಿನಲ್ಲಿ ತಾನು ಕಾಲುನೋವೆಂದು ನರಳಿದಾಗ ಎದ್ದು ಸೀಟು ಬಿಟ್ಟುಕೊಟ್ಟ ಪುಣ್ಯಾತಗಿತ್ತಿ ಇವಳೇ! ಆ ಹಲ್ಲನ್ನೇ ತಾನು ಕದ್ದು ತಂದು ಕಥೆಯ ರಾಕ್ಷಸಿಯ ಬಾಯಿಗೆ ಇಟ್ಟಿದ್ದಳಲ್ಲ!

"ಓ, ನೀವಾ! ಕಾಲುನೋವು ವಾಸಿ ಆಯ್ತಾ ಅಕ್ಕಾ?" ಎಂದು ಆಕೆ ಬಾಯ್ತುಂಬ ನಕ್ಕಳು.

ಜಾನಕಮ್ಮ ಹೂಂ ಎಂದು ತಲೆಯಾಡಿಸಿ ಒಳಗೆ ಬಂದು ಭಾಗ್ಯಳ ಕೈ ಹಿಡಿದಳು. "ಸಣ್ಣಿ ಅನ್ನೋಳು ಹುಟ್ಟೇ ಇಲ್ಲ ಕಣೇ. ನಾನೇ ಕಟ್ಟಿದ್ದು, ಎಲ್ಲಾ."

ಭಾಗ್ಯ ದಂಗಾಗಿ ನೋಡಿದಳು. "ಸುಳ್ಳಾ? ಅವಳಿಗೋಸ್ಕರ ಊಟ ಬಿಟ್ಟು ಅತ್ತಿದ್ದೀನಿ ನಾನು!" ಅವಳು ಕೈ ಬಿಡಿಸಿಕೊಂಡಳು. "ತಳ್ಳಿಸಿದ್ದು ನೀವೇ ತಾನೆ? ಮೊದ್ಲು ಅವಳನ್ನ ಮೇಲಕ್ಕೆತ್ತಿ. ಆಮೇಲೆ ಕಾಫಿ ತಗೊಂಡೋಗ್ತೀನಿ."

"ಈಗ್ಲಾ? ನೆಂಟರು ಕಾಯ್ತಾ ಕೂತವ್ರೆ!"

"ಈಗ್ಲೇ."

ಒಲೆಯ ಪಕ್ಕ ನಿಂತು ಜಾನಕಮ್ಮ ಶುರು ಮಾಡಿದಳು. ಸಣ್ಣಿ ಬಾವಿಯ ಕಲ್ಲು ಹಿಡಿದು ನೇತಾಡುತ್ತಿದ್ದಳು. ಮೇಲಿನಿಂದ ಯಾರೋ ಹಗ್ಗ ಇಳಿಬಿಟ್ಟರು.

"ಯಾರು?"

"ಗೆಂಡೆಹಳ್ಳಿಯೋಳು. ಆಗ ತಾನೆ ಬಸ್ಸಿಳಿದಿದ್ಲು. ನಕ್ಕರೆ ಚಿನ್ನದ ಹಲ್ಲು."

"ಮತ್ತೆ ಅತ್ತೆಗೂ ಚಿನ್ನದ್ದೇ ಅಂದಿದ್ರಿ?"

"ಅವಳ್ದು ಹಿತ್ತಾಳೆ ಕಣೇ!"

ಭಾಗ್ಯ ಕಣ್ಣೊರೆಸಿಕೊಂಡು ತಟ್ಟೆ ಎತ್ತಿದಳು. ಕಾಫಿ ಆರಿಹೋಗಿತ್ತು.