ಹೆಣ್ಣುಮಕ್ಕಳಿಲ್ಲದ ವಂಶವೃಕ್ಷ

ಕೌಂಟ್‌ಗಳೆಂದರೆ ಮಧ್ಯಯುಗದ ಫ್ರಾನ್ಸಿನಲ್ಲಿ ನಮ್ಮ ಪಾಳೇಗಾರರ ಹಾಗೆ ಒಂದೊಂದು ಸೀಮೆ ಆಳುತ್ತಿದ್ದವರು. ಅಂಥ ಒಂದು ಮನೆತನದಲ್ಲಿ ಯಾರ ನಂತರ ಯಾರು ಪಟ್ಟಕ್ಕೆ ಬಂದರೆಂದು ಹುಡುಕುವುದು, ಅದನ್ನೇ ನೈರೋಬಿಯ ಹುಡುಗರಿಗೆ ಪಾಠ ಹೇಳುವುದು ನನ್ನ ಕಸುಬು. "ಸತ್ತೋರ ಮನೆ ಪಂಚಾಯ್ತಿ ನಿಮಗ್ಯಾಕ್ರೀ?" ಎಂದು ಹೆಂಡತಿ ವಸಂತಾ ರೇಗಿಸಿದರೆ ನಗುತ್ತಿದ್ದೆ. ಈಚೆಗೆ ನಗು ಬರುತ್ತಿಲ್ಲ.

ಆ ಮನೆಯವರು ಯುದ್ಧದಲ್ಲಿ ಸತ್ತವರಲ್ಲ. ಒಬ್ಬ ಊಟದ ನಡುವೆ, ಒಬ್ಬ ಬೇಟೆಯಲ್ಲಿ, ಇನ್ನೊಬ್ಬ ಮೆಟ್ಟಿಲು ಹತ್ತುತ್ತಾ, ಎಲ್ಲರೂ ನಡುವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಕುಸಿದವರು. ಆ ಕಾಲದ ಪಾದ್ರಿಗಳು ಅದನ್ನು ಶಾಪ ಎಂದರು. ನಾನೂ ತರಗತಿಯಲ್ಲಿ ರಸವತ್ತಾಗಿ ಹೇಳುತ್ತಿದ್ದೆ. ಕಳೆದ ತಿಂಗಳು ಮೈಸೂರಿನಲ್ಲಿ ನನ್ನ ಅಣ್ಣ ಧನಂಜಯ ಸ್ಕೂಟರ್ ನಿಲ್ಲಿಸುತ್ತಲೇ ಕುಸಿದ. ಅಪ್ಪ ಹೋದದ್ದೂ ಹಾಗೆಯೇ, ಸಂಧ್ಯಾವಂದನೆಗೆ ಕೂತಲ್ಲೇ. ತಾತನೂ ಅಷ್ಟೇ. ಪುಣ್ಯವಂತರ ಸಾವು ಎಂದು ಬಂದವರೆಲ್ಲ ಹೊಗಳಿದ್ದರು. ಇಂಥ ಪುಣ್ಯ ಯಾರಿಗೆ ಬೇಕು? ಮುಂದಿನ ಸರದಿ ನನ್ನದೇ.

ನೈರೋಬಿಯ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಕ್ಲಿನಿಕ್ಕಿಗೆ ಹೋದೆ. ಡಾಕ್ಟರ್ ಸೆಲಿನ್ ಮಂಗಳೂರಿನವರು. ಸ್ಕ್ಯಾನ್ ನೋಡಿ ಹೇಳಿದರು, "ಹೃದಯದ ಗೋಡೆ ದಪ್ಪ ಆಗಿದೆ ಸರ್. ನಿಮ್ದು ಅಷ್ಟು ಸೀರಿಯಸ್ ಇಲ್ಲ, ಮಾತ್ರೆ ಸಾಕು. ಆದ್ರೆ ಇದು ಫ್ಯಾಮಿಲೀಲಿ ಬರೋದು. ಯಾರ್ಯಾರಿದ್ದಾರೆ ಹೇಳಿ."

ತಾತ, ಅಪ್ಪ, ಅಣ್ಣ, ನಾನು ಎಂದೆ.

"ಆಮೇಲೆ?"

"ಆಮೇಲೆ ಯಾರೂ ಇಲ್ಲ. ಅಣ್ಣನಿಗೆ ಮಕ್ಕಳಾಗಲಿಲ್ಲ, ನನಗೆ ಗಂಡುಮಕ್ಕಳಿಲ್ಲ. ವಂಶ ನನ್ನಲ್ಲೇ ಮುಗೀತು." ಆ ಮಾತನ್ನು ನಾನು ಸಮಾಧಾನದಿಂದ ಹೇಳಿದ್ದು ಅದೇ ಮೊದಲು.

"ಹೆಣ್ಣುಮಕ್ಕಳು?"

"ಒಬ್ಬಳು. ಜಾಹ್ನವಿ, ಹೈಸ್ಕೂಲು."

"ಮತ್ತೆ ಅವಳನ್ನ ಯಾಕೆ ಹೇಳ್ಲಿಲ್ಲ?"

ನಮ್ಮಲ್ಲಿ ವಂಶ ಹೇಳುವುದೆಂದರೆ ಗಂಡಸರ ಹೆಸರು ಹೇಳುವುದು. ಮಗಳು ಕೊಟ್ಟ ಮನೆಯವಳು. ನನ್ನ ಕೌಂಟ್‌ಗಳ ವಂಶವೃಕ್ಷವನ್ನೂ ನಾನು ಹಾಗೆಯೇ ಮುಗಿಸಿದ್ದೆ. ಕೊನೆಯವನ ಮಗಳು ಪಕ್ಕದ ಸೀಮೆಗೆ ಸೊಸೆಯಾಗಿ ಹೋಗಿದ್ದಳು. ಅವಳ ಇಬ್ಬರು ಹುಡುಗರೂ ಕುದುರೆಯಿಂದ ಬಿದ್ದು ಸತ್ತಿದ್ದರು. ಕುದುರೆಯದೇ ತಪ್ಪೆಂದು ನಾನು ನಂಬಿದ್ದೆ.

"ಇದಕ್ಕೆ ಗಂಡು ಹೆಣ್ಣು ಅಂತ ಭೇದ ಇಲ್ಲ ಸರ್," ಎಂದರು ಸೆಲಿನ್. "ಆಟಗೀಟ ಆಡ್ತಾಳಾ?"

"ಓಡ್ತಾಳೆ. ಇವತ್ತು ಸ್ಕೂಲಲ್ಲಿ ರೇಸ್ ಇದೆ."

ಅವರ ಮುಖ ಬದಲಾಯಿತು. "ಈಗಲೇ ಫೋನ್ ಮಾಡಿ. ಟೆಸ್ಟ್ ಆಗೋ ತನಕ ಅವಳು ಓಡಬಾರದು."

ಜಾಹ್ನವಿ ಫೋನ್ ಎತ್ತಲಿಲ್ಲ. ಶಾಲೆಯ ಆಫೀಸಿನಲ್ಲೂ ಎತ್ತಲಿಲ್ಲ, ಎಲ್ಲರೂ ಮೈದಾನದಲ್ಲಿದ್ದಿರಬೇಕು. ಟ್ಯಾಕ್ಸಿ ಹಿಡಿದರೆ ಮುಂದೆ ಜನ ತುಂಬಿದ ಮಟಾಟು ವ್ಯಾನುಗಳ ಸಾಲು ಅಲ್ಲಾಡುತ್ತಿರಲಿಲ್ಲ. ಅವುಗಳಿಗೆ ಹಿಡಿಶಾಪ ಹಾಕಿ ಇಳಿದು ಓಡಿದೆ. ಸಾಯುವ ಭಯ ನನಗೂ ಇದೆಯೆಂಬುದೇ ಮರೆತುಹೋಯಿತು.

ಕೊನೆಯ ಸುತ್ತು ನಡೆಯುತ್ತಿತ್ತು. ನನ್ನ ಮಗಳು ಮೂರನೆಯವಳಾಗಿದ್ದಳು. ಅವಳ ಓಟ ನೋಡಲು ನಾನು ಒಮ್ಮೆಯೂ ಬಂದವನಲ್ಲ. ಬೇಲಿಗೆ ಆತು ಎರಡೂ ಕೈ ಬೀಸಿದೆ. "ನಿಲ್ಲು ಪುಟ್ಟಾ, ನಿಲ್ಲು!" ಮಕ್ಕಳ ಕೂಗಾಟದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ.

ಜಾಹ್ನವಿ ತಿರುಗಿ ನನ್ನನ್ನು ಕಂಡಳು. ಮುಖ ಅರಳಿತು. ಅಪ್ಪ ಬಂದಿದ್ದಾನೆಂಬ ಖುಷಿಗೆ ಅವಳು ಇನ್ನೂ ಜೋರಾಗಿ ಓಡತೊಡಗಿದಳು.