ಮೊಟ್ಟೆಗುದ್ದಿನಲ್ಲಿ ಮುತ್ತಮ್ಮಜ್ಜಿ

ಹುಲಿಕೆರೆಯ ಕೊಳದಲ್ಲಿ ಮಕರಗಳು ಇನ್ನೂ ಮೊಟ್ಟೆಯಿಡುವ ಲೋಕವದು. ಪಕ್ಕದ ಹಳೇಬೀಡಿನ ಬಸ್‌ಸ್ಟ್ಯಾಂಡಿಗೆ ಎಸ್‌ಟಿಡಿ ಬೂತು ಬಂದ ವರ್ಷವೂ ಅಲ್ಲಿಯ ಜನಕ್ಕೆ ಮೊಟ್ಟೆಗುದ್ದು ಆಟದ್ದೇ ಹುಚ್ಚು. ಕೊಳದ ತಳದಿಂದ ಮಕರದ ಮೊಟ್ಟೆ ಎತ್ತಿಕೊಂಡು ಮೆಟ್ಟಿಲು ಹತ್ತಬೇಕು, ಮೇಲೆ ಬಾಯ್ದೆರೆದು ಮಲಗಿದ ತಾಯಿಮಕರದ ಬಾಯಿಗೆ ಅದನ್ನು ಹಾಕಬೇಕು. ದಾರಿಯಲ್ಲಿ ಎದುರಾಳಿಗಳು ಗುದ್ದಬಹುದು, ಒದೆಯಬಹುದು, ಜಡೆ ಹಿಡಿದು ಎಳೆಯಬಹುದು. ಮೊಟ್ಟೆ ಒಡೆಯುವುದಿಲ್ಲ, ಹಲ್ಲು ಒಡೆಯುತ್ತವೆ. ಹೊತ್ತವರು ಓಡುತ್ತಿದ್ದರೆ ಮೊಟ್ಟೆ ಹತ್ತಿಯುಂಡೆಯಷ್ಟು ಹಗುರ. ನಿಂತರೋ, ರುಬ್ಬುಗುಂಡಿನ ಭಾರ.

ಇಷ್ಟು ಒರಟು ಆಟಕ್ಕೂ ಒಂದು ಕಟ್ಟುಪಾಡಿತ್ತು. ಹಿರಿಯರು ಮಾತಾಡಿಸಿದರೆ, ಮಾತು ಮುಗಿಯದೆ ಅವರನ್ನು ದಾಟುವಂತಿಲ್ಲ. ದಾಟಿದವರು ಆಟದಿಂದಲೇ ಆಚೆ. ಎದುರಾಳಿ ಊರಾದ ಕಣಕಟ್ಟೆಯವರು ಈ ಸಲ ಬಸ್ಸಿನಲ್ಲಿ ತಮ್ಮೂರ ಮುತ್ತಮ್ಮಜ್ಜಿಯನ್ನೂ ಕರೆತಂದು, ಮೆಟ್ಟಿಲುಗಳ ನಡುವಿನ ಅಗಲವಾದ ಹಾಸುಗಲ್ಲಿನ ಮೇಲೆ ಎಲೆಅಡಿಕೆ ಚೀಲದ ಸಮೇತ ಕೂರಿಸಿದ್ದರು. ಮೇಲಕ್ಕೆ ಹೋಗಲು ಬೇರೆ ದಾರಿಯಿಲ್ಲ.

ಹುಲಿಕೆರೆಗೆ ಮೊಟ್ಟೆ ಹೊರುವವಳು ಭಾಗ್ಯ. ಮಧ್ಯಾಹ್ನದಿಂದ ಹೊನ್ನಯ್ಯನಂಥ ಕಣಕಟ್ಟೆಯ ಗೂಳಿಗಳನ್ನು ತಪ್ಪಿಸಿಕೊಂಡು ಹಾಸುಗಲ್ಲು ಮುಟ್ಟಿದಾಗಲೆಲ್ಲ ಅಜ್ಜಿಯ ದನಿ ಕೇಳುತ್ತಿತ್ತು.

“ಯಾರ ಮಗಳವ್ವ ನೀನು?”

“ಸಣ್ಣಯ್ಯನ ಮಗಳು, ಅಜ್ಜಿ.”

“ಯಾವ ಸಣ್ಣಯ್ಯ? ಮಾಲೇಕಲ್ಲು ಬೆಟ್ಟದಲ್ಲಿ ಜಾರಿ ಬಿದ್ದು ಕಾಲು ಉಳುಕಿಸ್ಕೊಂಡೋನಾ?”

“ಅವ್ರಲ್ಲ ಅಜ್ಜಿ...” ಎನ್ನುವಷ್ಟರಲ್ಲಿ ಮೊಟ್ಟೆ ರುಬ್ಬುಗುಂಡಾಗಿ, ಭುಜ ಜಗ್ಗಿ, ಕೈಜಾರಿ ಧಡಧಡನೆ ಕೊಳದ ತಳಕ್ಕೆ ಉರುಳುತ್ತಿತ್ತು.

ಹೊತ್ತು ಮುಳುಗಿದರೆ ಆಟ ಮುಗಿದಂತೆ. ಹುಲಿಕೆರೆಯ ನಾಯಕ ಉಮಾಶಂಕರ್‌ಗೆ ತಾಳ್ಮೆ ಕೆಟ್ಟಿತ್ತು.

“ಆಡಕ್ಕೆ ಬಂದಿದ್ದೀಯೋ, ನೆಂಟಸ್ತನ ಬೆಳೆಸಕ್ಕೆ ಬಂದಿದ್ದೀಯೋ? ಇದೇ ಕೊನೆ ಸಲ ಕಣೇ. ಬಿಟ್ಯೋ, ನಾಳೆಯಿಂದ ನಮ್ಮ ರವಿಕುಮಾರ ಹೊರ್ತಾನೆ. ನೀನು ನೀರಿನ ಬಿಂದಿಗೆ ಹೊರು.”

ರವಿಕುಮಾರ ಉಮಾಶಂಕರನ ತಮ್ಮ. ಬಸ್ಸು ಹೊರಟರೂ ಓಡಿ ಹತ್ತುವವನಲ್ಲ.

“ಹೇಳ್ದೆ ದಾಟಿದ್ರೆ ಆಚೆ ಹಾಕ್ತಾರೆ, ನಿಂತು ಹೇಳಿದ್ರೆ ಮೊಟ್ಟೆ ಬೀಳ್ತದೆ. ನಾನೇನ್ ಮಾಡ್ಲಿ?” ಎಂದಳು ಭಾಗ್ಯ.

“ಅದು ನಿನ್ನ ಪಾಡು.”

ಸಿಟ್ಟಿನಿಂದ ಉರಿಯುತ್ತಲೇ ಮೊಟ್ಟೆ ಎತ್ತಿದಳು. ಹೊನ್ನಯ್ಯನ ಮೊಣಕೈ ಬಾಯಿಗೆ ಬಡಿಯಿತು. ಅವನ ಕಾಲ ಸಂದಿಯಲ್ಲೇ ನುಸುಳಿದಳು. ಮಂಡಿ ತರಚಿಕೊಂಡು ಹಾಸುಗಲ್ಲಿಗೆ ಹಾರಿದಳು.

“ಯಾರ ಮಗಳು ಅಂದೆ?” ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಭಾಗ್ಯಳ ಕಾಲು ನಿಲ್ಲಲಿಲ್ಲ. ದಾಟಲೂ ಇಲ್ಲ. ಅಜ್ಜಿಯನ್ನು ಬಲಕ್ಕಿಟ್ಟುಕೊಂಡು, ಗರ್ಭಗುಡಿ ಸುತ್ತುವವಳ ಹಾಗೆ, ಅವಳ ಸುತ್ತಲೇ ಓಡತೊಡಗಿದಳು. ಮೊಟ್ಟೆ ಹತ್ತಿಯಷ್ಟೇ ಹಗುರವಾಗಿತ್ತು.

“ಸಣ್ಣಯ್ಯನ ಮಗಳು ಅಜ್ಜಿ! ತೆಂಗಿನ ತೋಟದ ಸಣ್ಣಯ್ಯ! ತಾತ ಜವರಯ್ಯ! ತಾಯಿ ಕಡೇವ್ರು ಬೇಲೂರು!”

“ಬೇಲೂರಲ್ಲಿ ಯಾರ ಪೈಕಿ?” ಅಜ್ಜಿಯ ಕತ್ತು ಭಾಗ್ಯಳ ಹಿಂದೆಯೇ ತಿರುಗಿತು.

“ಮೇಷ್ಟ್ರು ನಂಜುಂಡಯ್ಯನ ಪೈಕಿ!”

ಹೊನ್ನಯ್ಯ ಅಂಚಿನಲ್ಲೇ ತಡವರಿಸಿದ. ಗುದ್ದಲು ಹೋದರೆ ತಮ್ಮೂರ ಅಜ್ಜಿಗೇ ಏಟು ಬಿದ್ದೀತು. “ನಿಲ್ಸಮ್ಮಿ!” ಎಂದು ಕೂಗುವುದಷ್ಟೇ ಅವನಿಂದಾದದ್ದು.

“ಸಾಕು ಕಣವ್ವಾ, ತಲೆ ತಿರುಗ್ತೈತೆ. ಹೋಗು, ಹೋಗು,” ಎಂದು ಅಜ್ಜಿ ಕಣ್ಣು ಮುಚ್ಚಿ ಕೈ ಬೀಸಿದಳು.

ಸುತ್ತಿನಿಂದಲೇ ಚಿಮ್ಮಿ ಭಾಗ್ಯ ಉಳಿದ ಮೆಟ್ಟಿಲುಗಳನ್ನು ಹತ್ತಿದಳು. ಜಡೆಗೆ ಜೋತುಬಿದ್ದವನನ್ನು ಎಳೆದುಕೊಂಡೇ ಹೋಗಿ ಮೊಟ್ಟೆಯನ್ನು ಮಕರದ ಬಾಯಿಗೆ ತುರುಕಿದಳು. ಮಕರ ಬಾಲ ಬಡಿಯಿತು. ಹುಲಿಕೆರೆ ಗೆದ್ದಿತ್ತು.

ಜನ ಮುತ್ತಿಕೊಂಡರು. “ಎಂಥಾ ವಿನಯ ನೋಡ್ರೀ! ಇಂಥಾ ಗುದ್ದಾಟದಲ್ಲೂ ಹಿರಿಯರಿಗೆ ಪ್ರದಕ್ಷಿಣೆ ಹಾಕಿದ್ಳು,” ಎಂದರು ಆಟ ನೋಡಲು ಬಂದಿದ್ದ ಶಾಂತಾದೇವಿ ಟೀಚರು. ಕಣಕಟ್ಟೆಯವರೂ ತಲೆದೂಗಿದರು. ಉಮಾಶಂಕರ್ ಎದೆಯುಬ್ಬಿಸಿ, “ನಮ್ಮೂರ ಹೆಣ್ಮಕ್ಕಳು ಅಂದ್ರೆ ಹಂಗೇನೇ. ಮುಂದಿನ ಆಟಕ್ಕೂ ಇವಳೇ ಹೊರ್ತಾಳೆ,” ಎಂದ. ಆಮೇಲೆ ಅವಳತ್ತ ಬಾಗಿ, “ಇನ್ಮೇಲೆ ಒಂದು ನಮಸ್ಕಾರಾನೂ ಸೇರಿಸ್ಕೊ. ಜನಕ್ಕೆ ಇಷ್ಟ ಆಗ್ತದೆ,” ಎಂದ.

ಭಾಗ್ಯ ಬಾಯೊಳಗಿನ ರಕ್ತ ಉಗಿದು, ಸೆರಗಿನಿಂದ ಮಂಡಿ ಒತ್ತಿ ಹಿಡಿದಳು.

“ನಾನು ಓಡಿದ್ದನ್ನ ಒಬ್ರಾದ್ರೂ ನೋಡಿದ್ರೇನ್ರೀ?” ಎಂದು ಕಿರುಚಿದಳು.

“ಛೆ, ದೊಡ್ಡವರ ಮುಂದೆ ದನಿ ಏರಿಸ್ಬಾರ್ದಮ್ಮ,” ಎಂದರು ಟೀಚರು.